ಪರಮಾಣು ರಚನೆಯಿಂದ ಕಾಂತತ್ವದವರೆಗೆ: ಸಂಕ್ರಮಣ ಲೋಹದ ಆಕ್ಸೈಡ್‌ಗಳ ಲೆಕ್ಕವನ್ನು ಅರ್ಧಕ್ಕೆ ಬಿಡದೆ ಮುಗಿಸುವ ಕ್ರಮ

"ಸರ್ರ, ನಿಕಲ್‌ನ್ಯಾಗ ಎರಡು ಎಲೆಕ್ಟ್ರಾನ್ ಒಂಟಿ ಅದಾವು ಅಂತ ಲೆಕ್ಕಾ ಬರತೈತಿ. ಮತ್ತ ನಿಕಲ್ ಆಕ್ಸೈಡ್ ಪುಡಿ ಮ್ಯಾಗ್ನೆಟ್‌ಗೆ ಯಾಕ ಹತ್ತಂಗಿಲ್ರಿ?"

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬಿ.ಎಸ್ಸಿ., ಎಂ.ಎಸ್ಸಿ. ಹುಡುಗ ಹುಡುಗಿಯರಿಂದ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಕೇಳುವವರ ಲೆಕ್ಕ ತಪ್ಪಿರುವುದಿಲ್ಲ, ಅರ್ಧಕ್ಕೆ ನಿಂತಿರುತ್ತದೆ. ಒಂಟಿ ಎಲೆಕ್ಟ್ರಾನ್ ಎಣಿಸಿದರೆ ಒಂದು ಅಯಾನಿನ ಕಥೆ ಮಾತ್ರ ಗೊತ್ತಾಗುತ್ತದೆ. ಪುಡಿ ಮ್ಯಾಗ್ನೆಟ್‌ಗೆ ಹತ್ತುತ್ತದೋ ಇಲ್ಲವೋ ಎಂಬುದು ಪಕ್ಕದ ಅಯಾನ್ ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ ನಿಂತಿದೆ. ಅದನ್ನು ಬಹುಪಾಲು ತೀರ್ಮಾನಿಸುವುದು ನಡುವೆ ಕೂತ ಆಮ್ಲಜನಕ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಹಾರಿಸಿ ಐದಕ್ಕೆ ಹೋದವರೇ ಹೆಚ್ಚಾಗಿ ಎಡವುತ್ತಾರೆ.

## ಬೇಕಾದ ಸಾಮಾನು

ಪೆನ್ಸಿಲ್, ಆವರ್ತ ಕೋಷ್ಟಕ, ಕ್ಯಾಲ್ಕುಲೇಟರ್ ಇರಲಿ. ಸ್ಫಟಿಕ ರಚನೆ ನೋಡಲು ವೆಸ್ಟಾ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದಕ್ಕೆ ಹಾಕುವ ಸಿಐಎಫ್ ಫೈಲ್‌ಗಳು (ಸ್ಫಟಿಕದಲ್ಲಿ ಯಾವ ಪರಮಾಣು ಎಲ್ಲಿದೆ ಎಂಬ ಪಟ್ಟಿ) ಕ್ರಿಸ್ಟಲೋಗ್ರಫಿ ಓಪನ್ ಡೇಟಾಬೇಸ್‌ನಲ್ಲಿವೆ. ಕಾಗದದ ಮೇಲಿನ ಚಿತ್ರ ನೋಡಿ ಬಂಧದ ಕೋನ ಊಹಿಸಬೇಡಿ. ಆರನೇ ಹಂತದಲ್ಲಿ ಈ ಕೋನವೇ ನಿರ್ಣಾಯಕ.

ಕೈಯಲ್ಲಿ ಮಾಡಿ ನೋಡಲು ಒಂದು ನಿಯೊಡಿಮಿಯಂ ಮ್ಯಾಗ್ನೆಟ್, ತೆಳು ಪ್ಲಾಸ್ಟಿಕ್ ಚೀಲ, ಹೊಳಪಿಲ್ಲದ ಹಿಂಬದಿಯಿರುವ ಒಡೆದ ಟೈಲ್ಸ್ ತುಂಡು ಸಾಕು. ಎರಡು ಮಾದರಿ ಇಟ್ಟುಕೊಳ್ಳಿ: ವಿಜಯಪುರದ ಕಡೆಯ ಖಡಿ ಮಷಿನ್‌ನಲ್ಲಿ ಬೀಳುವ ಕರಿಕಲ್ಲಿನ ಪುಡಿ, ಬಾದಾಮಿ ಕಡೆಯ ಕೆಂಪು ಮರಳುಗಲ್ಲಿನ ಪುಡಿ. (ಸ್ಮಾರಕದ ಕಲ್ಲಿಗೆ ಕೈ ಹಚ್ಚಬೇಡಿ. ದಾರಿಬದಿ ಬಿದ್ದ ತುಂಡೇ ಧಾರಾಳ.)

ಲೆಕ್ಕಕ್ಕೆ ಕೂಡುವ ಮುಂಚೆ ಇದನ್ನು ಮಾಡಿ. ಮ್ಯಾಗ್ನೆಟನ್ನು ಚೀಲದೊಳಗೆ ಹಾಕಿ ಕರಿಕಲ್ಲಿನ ಪುಡಿಯ ಮೇಲೆ ಆಡಿಸಿ. ಸಣ್ಣ ಕರಿ ಕಾಳುಗಳು ಮ್ಯಾಗ್ನೆಟ್‌ನ ಅಂಚಿಗೆ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಚೀಲದಿಂದ ಮ್ಯಾಗ್ನೆಟ್ ತೆಗೆದರೆ ಉದುರುತ್ತವೆ. ಕೆಂಪು ಪುಡಿಯ ಮೇಲೆ ಅದನ್ನೇ ಮಾಡಿದರೆ ಹೆಚ್ಚೆಂದರೆ ಒಂದೆರಡು ಕಾಳು ಬರಬಹುದು, ಕೆಂಪು ಬಣ್ಣ ಅಲ್ಲೇ ಉಳಿಯುತ್ತದೆ. ಕರಿ ಕಾಳು ಸ್ವಲ್ಪ ಟೈಟೇನಿಯಂ ಬೆರೆತ ಮ್ಯಾಗ್ನಟೈಟ್. ಕೆಂಪು ಬಣ್ಣ ಹೆಮಟೈಟ್‌ನದು. ಎರಡೂ ಕಬ್ಬಿಣದ ಆಕ್ಸೈಡ್‌ಗಳೇ. ಹೆಮಟೈಟ್‌ನಲ್ಲಿ ಪ್ರತಿ ಕಬ್ಬಿಣಕ್ಕೂ ಐದೈದು ಒಂಟಿ ಎಲೆಕ್ಟ್ರಾನ್ ಇವೆ, ಅಂದರೆ ಸರಾಸರಿಯಲ್ಲಿ ಮ್ಯಾಗ್ನಟೈಟ್‌ಗಿಂತ ಜಾಸ್ತಿ. ಆದರೂ ಹತ್ತುವುದಿಲ್ಲ. ನೋಟ್‌ಬುಕ್ಕಿನ ಪುಟದ ತಲೆಗೆ ಇದನ್ನು ಬರೆದುಕೊಳ್ಳಿ. ಏಳನೇ ಹಂತ ಮುಗಿಯುವಾಗ ಇದಕ್ಕೆ ಉತ್ತರ ಬಂದಿರಬೇಕು.

## ಹಂತ 1: ಪ್ರತಿ ಲೋಹದ ಆಕ್ಸಿಡೇಷನ್ ಸ್ಥಿತಿ

ಪ್ರತಿ ಆಮ್ಲಜನಕಕ್ಕೆ 2− ಕೊಟ್ಟು ಒಟ್ಟು ಸೊನ್ನೆಯಾಗುವಂತೆ ಹೊಂದಿಸಿ. ನಿಕಲ್ ಆಕ್ಸೈಡ್‌ನಲ್ಲಿ ನಿಕಲ್ 2+, ಹೆಮಟೈಟ್‌ನಲ್ಲಿ (ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ) ಕಬ್ಬಿಣ 3+.

ಮ್ಯಾಗ್ನಟೈಟ್‌ನಲ್ಲಿ ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ. ಹಂಚಿದರೆ ತಲಾ 2.67+ ಬರುತ್ತದೆ. ಭಿನ್ನರಾಶಿ ಬಂತೆಂದರೆ ಅದೇ ಎಚ್ಚರಿಕೆಯ ಗಂಟೆ: ಒಳಗೆ ಎರಡು ಬಗೆಯ ಅಯಾನುಗಳಿವೆ. ಒಂದು 2+, ಎರಡು 3+ ಎಂದು ಒಡೆದು ಬರೆಯಿರಿ. 2.67 ಇಟ್ಟುಕೊಂಡೇ ಮುಂದೆ ಹೋದರೆ ಉತ್ತರ ಎಲ್ಲಿಗೂ ಮುಟ್ಟುವುದಿಲ್ಲ.

ಬಾಟಲಿಯ ಮೇಲಿನ ಸೂತ್ರವನ್ನೂ ಪೂರ್ತಿ ನಂಬಬೇಡಿ. ಫೆರಸ್ ಆಕ್ಸೈಡ್‌ನಲ್ಲಿ ಯಾವಾಗಲೂ ಕಬ್ಬಿಣ ಸ್ವಲ್ಪ ಕಡಿಮೆ, 1ರ ಬದಲು ಸುಮಾರು 0.95. ನಿಕಲ್ ಆಕ್ಸೈಡ್ ಹಸಿರಾಗಿದ್ದರೆ ಪ್ರಮಾಣ ಸರಿಯಿದೆ. ಕಪ್ಪಗಿದ್ದರೆ ಆಮ್ಲಜನಕ ಹೆಚ್ಚಿದೆ, ನಿಕಲ್‌ನ ಕೆಲವು ಜಾಗ ಖಾಲಿಯಿವೆ.

## ಹಂತ 2: ಡಿ ಎಲೆಕ್ಟ್ರಾನ್ ಎಣಿಕೆ

ಗುಂಪಿನ ಸಂಖ್ಯೆಯಿಂದ ಆಕ್ಸಿಡೇಷನ್ ಸ್ಥಿತಿ ಕಳೆಯಿರಿ, ಅಷ್ಟೇ. ಕಬ್ಬಿಣ 8ನೇ ಗುಂಪು: 3+ ಆದರೆ ಡಿ5, 2+ ಆದರೆ ಡಿ6. ನಿಕಲ್ 10ನೇ ಗುಂಪು: 2+ ಆದರೆ ಡಿ8. ಕ್ರೋಮಿಯಂ 3+ ಡಿ3, ಟೈಟೇನಿಯಂ 4+ ಡಿ0.

ಇಲ್ಲಿ ಆಗುವ ತಪ್ಪು ಹಳೆಯದು. ಬಿಡಿ ಪರಮಾಣುವಿನ ವಿನ್ಯಾಸ ಬರೆದು, ಕೊನೆಯಲ್ಲಿ ತುಂಬಿದ್ದು 3ಡಿ ಎಂದು ಅದರಿಂದಲೇ ಎಲೆಕ್ಟ್ರಾನ್ ತೆಗೆಯುತ್ತಾರೆ. ಅಯಾನ್ ಆಗುವಾಗ ಮೊದಲು ಹೋಗುವುದು 4ಎಸ್. ಆಕ್ಸೈಡ್‌ನೊಳಗಿನ ಅಯಾನಿನಲ್ಲಿ 4ಎಸ್ ಎಲೆಕ್ಟ್ರಾನ್ ಉಳಿದಿದೆ ಎಂದು ನೀವು ಬರೆದಿದ್ದರೆ ಆ ಪುಟ ಹೊಡೆದು ಹಾಕಿ.

ಎಣಿಕೆ ಸೊನ್ನೆ ಬಂದರೆ ಕೆಲಸ ಮುಗಿಯಿತು. ಟೈಟೇನಿಯಂ ಡೈಆಕ್ಸೈಡ್‌ನಲ್ಲಿ ಒಂಟಿ ಎಲೆಕ್ಟ್ರಾನ್ ಇಲ್ಲ, ಮುಂದಿನ ಹಂತಗಳು ಅದಕ್ಕೆ ಬೇಕಿಲ್ಲ.

## ಹಂತ 3: ಸುತ್ತಲಿನ ಆಮ್ಲಜನಕ ಎಷ್ಟು, ಯಾವ ಆಕಾರದಲ್ಲಿ

ಸಿಐಎಫ್ ಫೈಲ್ ತೆರೆದು ಲೋಹದ ಸುತ್ತ ಆಮ್ಲಜನಕ ಎಣಿಸಿ. ಆರಿದ್ದರೆ ಸಾಮಾನ್ಯವಾಗಿ ಆಕ್ಟಾಹೆಡ್ರಲ್ (ಎಂಟು ಮುಖದ ಆಕಾರ), ನಾಲ್ಕಿದ್ದರೆ ಹೆಚ್ಚಾಗಿ ಟೆಟ್ರಾಹೆಡ್ರಲ್ (ನಾಲ್ಕು ಮುಖದ ಆಕಾರ). ಆಕ್ಟಾಹೆಡ್ರಲ್‌ನಲ್ಲಿ ಐದು ಡಿ ಕಕ್ಷಕಗಳು ಶಕ್ತಿಯಲ್ಲಿ ಕೆಳಗೆ ಮೂರು (ಟಿ2ಜಿ), ಮೇಲೆ ಎರಡು (ಇಜಿ) ಎಂದು ಒಡೆಯುತ್ತವೆ. ಟೆಟ್ರಾಹೆಡ್ರಲ್‌ನಲ್ಲಿ ಅದು ತಲೆಕೆಳಗು, ಎರಡು ಮಟ್ಟಗಳ ನಡುವಿನ ಅಂತರವೂ ಸುಮಾರು ಒಂಬತ್ತರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ.

ಮ್ಯಾಗ್ನಟೈಟ್‌ನದು ಸ್ಪಿನೆಲ್ ರಚನೆ (ಮೂರು ಲೋಹಕ್ಕೆ ನಾಲ್ಕು ಆಮ್ಲಜನಕ). ಇದರಲ್ಲಿ ಎರಡೂ ಬಗೆಯ ಜಾಗಗಳಿವೆ: ಸೂತ್ರಕ್ಕೆ ಒಂದು ಟೆಟ್ರಾಹೆಡ್ರಲ್ (ಎ ಜಾಗ), ಎರಡು ಆಕ್ಟಾಹೆಡ್ರಲ್ (ಬಿ ಜಾಗ). ಯಾರು ಎಲ್ಲಿ ಕೂಡುತ್ತಾರೆ ಎಂಬುದಕ್ಕೆ ಸುತ್ತಲಿನ ಆಮ್ಲಜನಕದ ಕ್ಷೇತ್ರದಿಂದ ಸಿಗುವ ಶಕ್ತಿಯ ಲಾಭ ನೋಡಿ. ಆಕ್ಟಾಹೆಡ್ರಲ್ ಅಂತರವನ್ನು 1 ಎಂದು ಹಿಡಿದರೆ, ಕಬ್ಬಿಣ 2+ಗೆ ಆಕ್ಟಾಹೆಡ್ರಲ್‌ನಲ್ಲಿ 0.40, ಟೆಟ್ರಾಹೆಡ್ರಲ್‌ನಲ್ಲಿ 0.27 ಲಾಭ. ಕಬ್ಬಿಣ 3+ ಡಿ5 ಆದ್ದರಿಂದ ಎರಡೂ ಕಡೆ ಸೊನ್ನೆ, ಅದಕ್ಕೆ ಹಟವಿಲ್ಲ. ಹೀಗಾಗಿ ಮ್ಯಾಗ್ನಟೈಟ್‌ನಲ್ಲಿ 2+ ಬಿ ಜಾಗಕ್ಕೆ ಹೋಗುತ್ತದೆ, 3+ ಗಳಲ್ಲಿ ಒಂದು ಎ ಜಾಗಕ್ಕೆ, ಇನ್ನೊಂದು ಬಿ ಜಾಗಕ್ಕೆ. ಇದೇ ಇನ್ವರ್ಸ್ ಸ್ಪಿನೆಲ್. ನಿಕಲ್ 2+ ಮತ್ತು ಕ್ರೋಮಿಯಂ 3+ ಎರಡಕ್ಕೂ ಆಕ್ಟಾಹೆಡ್ರಲ್ ಕಡೆಯ ಲಾಭ 0.84ರಷ್ಟು ಹೆಚ್ಚು. ಅವನ್ನು ಎ ಜಾಗಕ್ಕೆ ತಳ್ಳಿದ ಉತ್ತರ ಕಂಡರೆ ಅನುಮಾನಿಸಿ.

## ಹಂತ 4: ಎಲೆಕ್ಟ್ರಾನ್ ತುಂಬುವುದು

ಆಮ್ಲಜನಕ ದುರ್ಬಲ ಕ್ಷೇತ್ರದ ಲಿಗ್ಯಾಂಡ್ (ಲೋಹದ ಸುತ್ತ ಕೂಡುವ ಅಯಾನ್ ಅಥವಾ ಅಣು). ಆದ್ದರಿಂದ 3ಡಿ ಲೋಹಗಳ ಆಕ್ಸೈಡ್‌ಗಳಲ್ಲಿ ಹೆಚ್ಚಿನವು ಹೈ ಸ್ಪಿನ್, ಅಂದರೆ ಒಂಟಿ ಎಲೆಕ್ಟ್ರಾನ್ ಆದಷ್ಟು ಹೆಚ್ಚು. ಎಲ್ಲ ಕಕ್ಷಕಗಳಿಗೂ ಒಂದೊಂದು ಹಾಕಿ, ಆಮೇಲೆ ಜೋಡಿ ಮಾಡಿ.

ಅಪವಾದದಲ್ಲಿ ಮುಖ್ಯವಾದದ್ದು ಕೋಬಾಲ್ಟ್ 3+. ಕಪ್ಪು ಕೋಬಾಲ್ಟ್ ಆಕ್ಸೈಡನ್ನೇ ನೋಡಿ: ಮೂರು ಕೋಬಾಲ್ಟ್, ನಾಲ್ಕು ಆಮ್ಲಜನಕ, ಸ್ಪಿನೆಲ್ ರಚನೆ. ಸೂತ್ರವೂ ಬಣ್ಣವೂ ಮ್ಯಾಗ್ನಟೈಟ್‌ನ ಅಣ್ಣತಮ್ಮನಂತೆ. ಆದರೆ ಇದರ ಬಿ ಜಾಗದಲ್ಲಿ ಕೋಬಾಲ್ಟ್ 3+ ಲೋ ಸ್ಪಿನ್, ಆರೂ ಎಲೆಕ್ಟ್ರಾನ್ ಟಿ2ಜಿಯಲ್ಲಿ ಜೋಡಿಯಾಗಿ ಕೂತಿವೆ, ಒಂಟಿ ಒಂದೂ ಇಲ್ಲ. ಎ ಜಾಗದ ಕೋಬಾಲ್ಟ್ 2+ನಲ್ಲಿ ಮಾತ್ರ ಮೂರು ಒಂಟಿ. ಕೋಣೆಯ ಉಷ್ಣತೆಯಲ್ಲಿ ಇದು ಬರೀ ಪ್ಯಾರಾಕಾಂತ (ಅಯಾನುಗಳ ಮುಖಗಳಿಗೆ ಕ್ರಮವಿಲ್ಲ). ಸುಮಾರು 40 ಕೆಲ್ವಿನ್‌ಗಿಂತ ಕೆಳಗೆ ಆಂಟಿಫೆರೊಕಾಂತ (ಪಕ್ಕಪಕ್ಕದವು ಎದುರು ಮುಖ ಮಾಡಿ ಒಂದನ್ನೊಂದು ಅಳಿಸುತ್ತವೆ). ಸೂತ್ರ ಒಂದೇ ತರಹ ಕಂಡಿತೆಂದು ಮ್ಯಾಗ್ನಟೈಟ್‌ನ ಉತ್ತರ ನಕಲು ಹೊಡೆದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇರಿಡಿಯಂ, ರುಥೇನಿಯಂನಂಥ ಕೆಳಸಾಲಿನ ಲೋಹಗಳಲ್ಲಿ ಅಂತರ ದೊಡ್ಡದು, ಲೋ ಸ್ಪಿನ್ನೇ ರೂಢಿ. ಸ್ಪಿನ್–ಕಕ್ಷೆಯ ಹೆಣಿಗೆಯೂ ಬಲವಾಗಿರುತ್ತದೆ. ಈ ಮಾರ್ಗದರ್ಶಿ ಅವಕ್ಕೆ ಸಾಲದು.

## ಹಂತ 5: ಒಂದು ಅಯಾನಿನ ಮೊಮೆಂಟ್

ಮೊಮೆಂಟ್ ಅಂದರೆ ಒಂದು ಅಯಾನಿನ ಕಾಂತತ್ವದ ಅಳತೆ. ಅತಿ ಹೆಚ್ಚು ಅಂಕ ಹೋಗುವ ಜಾಗ ಇದು, ಏಕೆಂದರೆ ಇಲ್ಲಿ ಎರಡು ಸಂಖ್ಯೆಗಳಿವೆ, ಎರಡಕ್ಕೂ ಬೋರ್ ಮ್ಯಾಗ್ನೆಟಾನ್ ಎಂಬ ಒಂದೇ ಏಕಮಾನವಿದೆ.

ಮೊದಲನೆಯದು ಪರಿಣಾಮಕಾರಿ ಮೊಮೆಂಟ್. ಒಂಟಿ ಎಲೆಕ್ಟ್ರಾನ್‌ಗಳ ಸಂಖ್ಯೆ ಎನ್ ಆದರೆ, ಎನ್ × (ಎನ್ + 2) ರ ವರ್ಗಮೂಲ. ಐದಕ್ಕೆ 5.92, ನಾಲ್ಕಕ್ಕೆ 4.90, ಮೂರಕ್ಕೆ 3.87, ಎರಡಕ್ಕೆ 2.83. ಅಯಾನುಗಳು ಮನಬಂದಂತೆ ತಿರುಗುತ್ತಿರುವ ಪ್ಯಾರಾಕಾಂತ ಸ್ಥಿತಿಯ ಅಳತೆಗೆ ಇದನ್ನು ಹೋಲಿಸಬೇಕು.

ಎರಡನೆಯದು ಸಾಲುಗಟ್ಟಿದ ಮೊಮೆಂಟ್. ಅದು ಸುಮಾರಾಗಿ ಎನ್ ಅಷ್ಟೇ: ಐದಕ್ಕೆ 5, ಎರಡಕ್ಕೆ 2. ಕೂಡುವ ಕಳೆಯುವ ಲೆಕ್ಕ, ಸ್ಯಾಚುರೇಷನ್ ಅಳತೆ, ನ್ಯೂಟ್ರಾನ್ ವಿವರ್ತನೆ ಇವೆಲ್ಲಕ್ಕೂ ಬೇಕಾದದ್ದು ಇದು. ಏಳನೇ ಹಂತದಲ್ಲಿ 5.92 ಕಂಡರೆ ಸೂತ್ರ ಅದಲುಬದಲಾಗಿದೆ ಎಂದೇ ತಿಳಿಯಿರಿ.

ಕೋಬಾಲ್ಟ್ 2+ ಆಕ್ಟಾಹೆಡ್ರಲ್‌ನಲ್ಲಿದ್ದರೆ ಅಳತೆಯಲ್ಲಿ 3.87 ಬರುವುದಿಲ್ಲ, 4.7ರಿಂದ 5.2ರ ನಡುವೆ ಬರುತ್ತದೆ. ಕಕ್ಷೀಯ ಪಾಲು ಸೇರಿಕೊಂಡಿರುತ್ತದೆ. ಅದನ್ನು ಕಲಬೆರಕೆ ಎಂದು ಭಾವಿಸಿ ಮಾದರಿ ಚೆಲ್ಲಬೇಡಿ.

## ಹಂತ 6: ಆಮ್ಲಜನಕದ ಸೇತುವೆ

ಎಲ್ಲರೂ ಬಿಟ್ಟುಹೋಗುವ ಹಂತ ಇದು. ಒಂದು ಲೋಹ, ಆಮ್ಲಜನಕ, ಇನ್ನೊಂದು ಲೋಹ: ಈ ಮೂವರ ನಡುವಿನ ಕೋನವನ್ನು ವೆಸ್ಟಾದಲ್ಲಿ ಅಳೆದು ಬರೆದುಕೊಳ್ಳಿ. ಆಕ್ಸೈಡ್‌ಗಳಲ್ಲಿ ಲೋಹಗಳು ಸಾಮಾನ್ಯವಾಗಿ ನೇರವಾಗಿ ಮಾತಾಡುವುದಿಲ್ಲ. ಆಮ್ಲಜನಕದ 2ಪಿ ಎಲೆಕ್ಟ್ರಾನ್‌ಗಳ ಮೂಲಕವೇ ಸುದ್ದಿ ದಾಟುತ್ತದೆ. ಇದನ್ನು ಸೂಪರ್‌ಎಕ್ಸ್‌ಚೇಂಜ್ ಎನ್ನುತ್ತಾರೆ. ಗುಡ್‌ಇನಫ್–ಕನಮೋರಿ ನಿಯಮಗಳ ತಿರುಳನ್ನು ಹೀಗೆ ಹಿಡಿಯಿರಿ.

ಕೋನ 180 ಡಿಗ್ರಿ ಸಮೀಪವಿದ್ದು, ಆಮ್ಲಜನಕದ ಕಡೆ ಚಾಚಿದ ಎರಡೂ ಕಕ್ಷಕಗಳಲ್ಲಿ ಒಂದೊಂದು ಎಲೆಕ್ಟ್ರಾನ್ ಇದ್ದರೆ ಬಲವಾದ ಆಂಟಿಫೆರೊಕಾಂತ. ಆಮ್ಲಜನಕದ ಒಂದೇ ಪಿ ಕಕ್ಷಕ ಎರಡೂ ಬದಿಗೆ ಚಾಚಿಕೊಂಡಿದೆ. ಅದರ ಜೋಡಿಯಲ್ಲಿ ಒಂದು ಸ್ಪಿನ್ ಮೇಲೆ, ಒಂದು ಕೆಳಗೆ. ಮೇಲು ಸ್ಪಿನ್ನಿನದು ಎಡಕ್ಕೆ ವಾಲಬೇಕಾದರೆ ಎಡ ಲೋಹದ ಒಂಟಿ ಎಲೆಕ್ಟ್ರಾನ್ ಕೆಳಗಿರಬೇಕು; ಆಗ ಕೆಳಗಿನದು ಬಲಕ್ಕೆ ವಾಲಲು ಬಲ ಲೋಹದ್ದು ಮೇಲಿರಬೇಕು. ಎರಡೂ ಲೋಹಗಳು ವಿರುದ್ಧ ಮುಖ ಮಾಡಿದರೆ ಮಾತ್ರ ಇಬ್ಬರಿಗೂ ಲಾಭ.

ಕೋನ 90 ಡಿಗ್ರಿ ಇದ್ದರೆ ಎರಡು ಲೋಹಗಳು ಬೇರೆ ಬೇರೆ ಪಿ ಕಕ್ಷಕ ಬಳಸುತ್ತವೆ. ಆಗ ಆಮ್ಲಜನಕದೊಳಗಿನ ಹುಂಡ್ ನಿಯಮದ (ಒಂಟಿ ಸ್ಪಿನ್‌ಗಳಿಗೆ ಒಂದೇ ಮುಖ ಇಷ್ಟ) ಪ್ರಭಾವದಿಂದ ದುರ್ಬಲ ಫೆರೊಕಾಂತ ಜೋಡಣೆ ಬರುತ್ತದೆ, ಅಂದರೆ ಎರಡೂ ಲೋಹ ಒಂದೇ ಮುಖ. ಒಂದು ಕಡೆ ಅರ್ಧ ತುಂಬಿದ ಕಕ್ಷಕ, ಇನ್ನೊಂದು ಕಡೆ ಖಾಲಿ ಕಕ್ಷಕ ಎದುರುಬದುರಾದರೆ 180 ಡಿಗ್ರಿಯಲ್ಲೂ ಫೆರೊ ಬರಬಹುದು. ಲ್ಯಾಂಥನಮ್ ಮ್ಯಾಂಗನೈಟ್ ಇದಕ್ಕೆ ಪಾಠದ ಉದಾಹರಣೆ. ಮ್ಯಾಂಗನೀಸ್ 3+ ಡಿ4. ಜಾನ್–ಟೆಲ್ಲರ್ ಪರಿಣಾಮದಿಂದ ಅದರ ಆಕ್ಟಾಹೆಡ್ರನ್ ಒಂದು ದಿಕ್ಕಿಗೆ ಎಳೆದುಕೊಂಡಿದೆ. ಇದರಿಂದ ಪದರದೊಳಗೆ ಫೆರೊ, ಪದರ ಪದರದ ನಡುವೆ ಆಂಟಿಫೆರೊ. ಸುಮಾರು 140 ಕೆಲ್ವಿನ್‌ನ ಕೆಳಗೆ ಈ ಕ್ರಮ ನಿಲ್ಲುತ್ತದೆ.

ಈಗ ನಿಕಲ್ ಆಕ್ಸೈಡ್‌ಗೆ ಬನ್ನಿ. ಉಪ್ಪಿನ ರಚನೆ, ಕೋನ 180, ಡಿ8 ಅಂದರೆ ಇಜಿಯ ಎರಡೂ ಕಕ್ಷಕಗಳಲ್ಲಿ ಒಂದೊಂದು. ಮೊದಲ ನಿಯಮಕ್ಕೆ ತಕ್ಕ ಸ್ಥಿತಿ. ಸುಮಾರು 523 ಕೆಲ್ವಿನ್‌ವರೆಗೆ, ಅಂದರೆ 250 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಆಂಟಿಫೆರೊಕಾಂತ. ಇದು ಸರಿಸಮ ಬಲದ ಹಗ್ಗಜಗ್ಗಾಟ: ಹಗ್ಗ ಅಲುಗಲಿಲ್ಲ ಎಂದರೆ ಯಾರೂ ಎಳೆಯುತ್ತಿಲ್ಲ ಎಂದಲ್ಲ. ಮೇಲಿನ ಪ್ರಶ್ನೆಗೆ ಉತ್ತರ ಇಷ್ಟೇ.

ಒಂದು ಸಾಲು ನೋಡಿ, ಮರೆಯಲಾರಿರಿ. ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕಲ್ ಈ ನಾಲ್ಕರ 2+ ಆಕ್ಸೈಡ್‌ಗಳಲ್ಲಿ ಒಂಟಿ ಎಲೆಕ್ಟ್ರಾನ್ ಕ್ರಮವಾಗಿ 5, 4, 3, 2. ಕ್ರಮ ಮುರಿಯುವ ನೀಲ್ ಉಷ್ಣತೆ ಸುಮಾರು 118, 198, 291, 523 ಕೆಲ್ವಿನ್. ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ನಿಕಲ್ ಕಡೆ ಸರಿದಂತೆ ಲೋಹ–ಆಮ್ಲಜನಕದ ದೂರ 2.22ರಿಂದ 2.09 ಆಂಗ್‌ಸ್ಟ್ರಾಮ್‌ಗೆ ಕುಗ್ಗುತ್ತದೆ, ಲೋಹದ ಡಿ ಮಟ್ಟ ಆಮ್ಲಜನಕದ ಪಿ ಮಟ್ಟಕ್ಕೆ ಹತ್ತಿರವಾಗುತ್ತದೆ, ಸೇತುವೆ ಗಟ್ಟಿಯಾಗುತ್ತದೆ. ಮೊಮೆಂಟ್ ದೊಡ್ಡದಿದ್ದರೆ ಕಾಂತೀಯ ಕ್ರಮವೂ ಗಟ್ಟಿ ಎಂದು ನನಗಂತೂ ಯಾರೂ ಬರೆದು ತೋರಿಸಬೇಡಿ.

ಎಚ್ಚರಿಕೆ: ಈ ನಿಯಮಗಳು ವಿದ್ಯುತ್ ಹರಿಯದ ಆಕ್ಸೈಡ್‌ಗಳಿಗೆ. ಕ್ರೋಮಿಯಂ ಡೈಆಕ್ಸೈಡ್ ಲೋಹದಂತೆ ವಿದ್ಯುತ್ ಹರಿಸುತ್ತದೆ, ಸುಮಾರು 390 ಕೆಲ್ವಿನ್‌ವರೆಗೆ ಫೆರೊಕಾಂತ. (ಹಳೆ ಟೇಪ್ ರೆಕಾರ್ಡರ್‌ನ "ಕ್ರೋಮ್" ಕ್ಯಾಸೆಟ್‌ಗಳಲ್ಲಿ ಇದ್ದದ್ದು ಇದೇ ಪುಡಿ.) ಅಲ್ಲಿ ಎಲೆಕ್ಟ್ರಾನ್ ಅಯಾನಿನಿಂದ ಅಯಾನಿಗೆ ಓಡಾಡುತ್ತದೆ, ಓಡಾಟಕ್ಕೆ ಸ್ಪಿನ್‌ಗಳು ಒಂದೇ ಮುಖ ಇರುವುದು ಅನುಕೂಲ. ಮೊದಲು ಮಲ್ಟಿಮೀಟರ್ ಇಟ್ಟು ರೋಧ ನೋಡಿ, ಆಮೇಲೆ ನಿಯಮ ಹಚ್ಚಿ.

## ಹಂತ 7: ಕೂಡಿ, ಕಳೆಯಿರಿ

ಸ್ಪಿನೆಲ್‌ನಲ್ಲಿ ಎ–ಆಮ್ಲಜನಕ–ಬಿ ಕೋನ ಸುಮಾರು 125 ಡಿಗ್ರಿ, ಬಿ–ಆಮ್ಲಜನಕ–ಬಿ ಕೋನ ಸುಮಾರು 90. ಆದ್ದರಿಂದ ಎ–ಬಿ ನಡುವಿನ ವಿರೋಧವೇ ಮೇಲುಗೈ. ಎ ಜಾಗದವೆಲ್ಲ ಒಂದು ಮುಖ, ಬಿ ಜಾಗದವೆಲ್ಲ ಎದುರು ಮುಖ.

ಮ್ಯಾಗ್ನಟೈಟ್: ಬಿ ಜಾಗದಲ್ಲಿ 5 + 4 = 9, ಎ ಜಾಗದಲ್ಲಿ 5. ಉಳಿಕೆ 4. ಅಳತೆಯಲ್ಲಿ ಸಿಗುವುದು ಸೂತ್ರಕ್ಕೆ ಸುಮಾರು 4.1. ಇದು ಫೆರಿಕಾಂತ (ಎದುರುಬದುರು ನಿಂತರೂ ಒಂದು ಕಡೆ ಉಳಿಕೆ ಇದೆ), ಈ ಕ್ರಮ ಮುರಿಯುವ ಕ್ಯೂರಿ ಉಷ್ಣತೆ ಸುಮಾರು 858 ಕೆಲ್ವಿನ್. ಮೂರನೇ ಹಂತ ಬಿಟ್ಟವರು ಇಲ್ಲಿ 5 + 5 + 4 = 14 ಬರೆದಿರುತ್ತಾರೆ.

ಹೆಮಟೈಟ್: ಎಲ್ಲ ಕಬ್ಬಿಣವೂ 3+, ಎಲ್ಲವೂ ಆಕ್ಟಾಹೆಡ್ರಲ್, ಬಲವಾದ ಸೇತುವೆಗಳು 120ರಿಂದ 130 ಡಿಗ್ರಿಯ ಆಸುಪಾಸು. 5 − 5 = 0. ಆದರೆ ಪೂರ್ತಿ ಸೊನ್ನೆಯಲ್ಲ. ಸುಮಾರು 260 ಕೆಲ್ವಿನ್‌ನ ಮೇಲೆ ಎರಡು ಸಾಲುಗಳು ನೇರ ಎದುರುಬದುರು ನಿಲ್ಲದೆ ಕೂದಲೆಳೆಯಷ್ಟು ಓರೆಯಾಗುತ್ತವೆ. 260 ಕೆಲ್ವಿನ್ ಅಂದರೆ −13 ಡಿಗ್ರಿ ಸೆಲ್ಸಿಯಸ್. ಬಾದಾಮಿಯ ಬಂಡೆ ಯಾವ ಚಳಿಗಾಲದಲ್ಲೂ ಅಷ್ಟು ತಣಿಯದು, ಆದ್ದರಿಂದ ನಮ್ಮ ಹೆಮಟೈಟ್ ಸದಾ ಓರೆಯೇ. ಆ ಓರೆಯಿಂದ ಬರುವ ಕಾಂತತ್ವ ಒಂದು ಕಿಲೋಗ್ರಾಂಗೆ ಸುಮಾರು 0.4 ಆಂಪಿಯರ್ ಚದರ ಮೀಟರ್, ಮ್ಯಾಗ್ನಟೈಟ್‌ನದು ಸುಮಾರು 92. ಕರಿ ಕಾಳು ಎದ್ದು ನಿಂತಿದ್ದಕ್ಕೂ ಕೆಂಪು ಅಲ್ಲೇ ಕೂತಿದ್ದಕ್ಕೂ ಕಾರಣ ಈ ಎರಡು ಅಂಕಿಗಳಲ್ಲಿದೆ.

ಕಂದು ಬಣ್ಣದ ಪುಡಿಯೊಂದು ಜೋರಾಗಿ ಹತ್ತಿಕೊಂಡರೆ ಗೊಂದಲ ಬೇಡ, ಅದು ಮ್ಯಾಗ್‌ಹೆಮೈಟ್ ಇರಬಹುದು. ಹೆಮಟೈಟ್‌ನದೇ ಸೂತ್ರ, ಆದರೆ ಸ್ಪಿನೆಲ್ ರಚನೆ, ಬಿ ಜಾಗದಲ್ಲಿ ಖಾಲಿ ಬಿಟ್ಟ ಕುರ್ಚಿಗಳು. ನಾಲ್ಕು ಆಮ್ಲಜನಕಕ್ಕೆ ಎ ಜಾಗದಲ್ಲಿ 1, ಬಿ ಜಾಗದಲ್ಲಿ 1.67 ಕಬ್ಬಿಣ. 8.33 − 5 = 3.33. ಮೂರು ಆಮ್ಲಜನಕದ ಸೂತ್ರಕ್ಕೆ ಇಳಿಸಿದರೆ 2.5.

## ಹಂತ 8: ಅಳತೆಗೆ ಹೋಲಿಸುವಾಗ

ಗೌಯ್ ತಕ್ಕಡಿಯಲ್ಲಿ (ಕಾಂತಕ್ಷೇತ್ರದಲ್ಲಿ ಮಾದರಿಯ ತೂಕ ಎಷ್ಟು ಬದಲಾಯಿತೆಂದು ನೋಡುವ ತಕ್ಕಡಿ) ಕೋಣೆಯ ಉಷ್ಣತೆಯಲ್ಲಿ ನಿಕಲ್ ಆಕ್ಸೈಡ್ ಅಳೆದು, ಸೀದಾ ಪರಿಣಾಮಕಾರಿ ಮೊಮೆಂಟ್ ಲೆಕ್ಕ ಹಾಕಿದರೆ 2.83ರ ಅರ್ಧಕ್ಕೂ ಕಡಿಮೆ ಬರುತ್ತದೆ. ತಕ್ಕಡಿ ಕೆಟ್ಟಿಲ್ಲ. ಪುಡಿ ಆಗಲೇ ಸಾಲುಗಟ್ಟಿದೆ, ಆ ಸೂತ್ರ ಅಲ್ಲಿಗೆ ಹೊಂದುವುದಿಲ್ಲ. ಕ್ಯೂರಿ–ವೈಸ್ ರೇಖೆ (ಉಷ್ಣತೆಗೆ ಎದುರಾಗಿ ಸಸೆಪ್ಟಿಬಿಲಿಟಿಯ, ಅಂದರೆ ಹೊರಗಿನ ಕ್ಷೇತ್ರಕ್ಕೆ ಪುಡಿ ಎಷ್ಟು ಸ್ಪಂದಿಸುತ್ತದೆ ಎಂಬುದರ, ವಿಲೋಮ) ಎಳೆಯುವುದಾದರೆ ನೀಲ್ ಉಷ್ಣತೆಗಿಂತ ಸಾಕಷ್ಟು ಮೇಲಿನ ಬಿಂದುಗಳನ್ನು ಮಾತ್ರ ಬಳಸಿ. ಸಸೆಪ್ಟಿಬಿಲಿಟಿಯ ವಿಲೋಮದ ರೇಖೆ ಉಷ್ಣತೆಯ ಅಕ್ಷವನ್ನು ಋಣ ಬದಿಯಲ್ಲಿ ಕಡಿದರೆ ಆಂಟಿಫೆರೊ ಜೋಡಣೆಯ ಸೂಚನೆ.

ಡಿ0 ಆಕ್ಸೈಡ್ ಒಂದರಲ್ಲಿ ಸಣ್ಣ ಹಿಸ್ಟರೆಸಿಸ್ ಕುಣಿಕೆ (ಕ್ಷೇತ್ರ ತೆಗೆದರೂ ಕಾಂತತ್ವ ಸ್ವಲ್ಪ ಉಳಿಯುವ ಗುರುತು) ಕಂಡರೆ ಖುಷಿಪಡುವ ಮುಂಚೆ ಸ್ಪಾಚುಲಾ ನೋಡಿ. ಸ್ಟೀಲಿನದಾದರೆ ಬದಲಿಸಿ, ಪ್ಲಾಸ್ಟಿಕ್ ಬಳಸಿ. ಬೆಳಗಾವಿಯ ಉದ್ಯಮಬಾಗದಂಥ ಲೇಥ್, ಫೌಂಡ್ರಿಗಳಿರುವ ಕಡೆಯ ಮಣ್ಣಿನಲ್ಲಿ ಕಬ್ಬಿಣದ ಚೂರು ಬೆರೆತಿರುತ್ತದೆ, ಮ್ಯಾಗ್ನಟೈಟ್ ಎಂದು ಮೋಸ ಹೋಗಬೇಡಿ. ಟೈಲ್ಸ್‌ನ ಹಿಂಬದಿಗೆ ಕಾಳು ತಿಕ್ಕಿ: ಮ್ಯಾಗ್ನಟೈಟ್ ಕರಿ ಗೀರು ಬಿಡುತ್ತದೆ, ಹೆಮಟೈಟ್ ಕೆಂಗಂದು ಗೀರು. ಕಬ್ಬಿಣದ ಚೂರು ಸುತ್ತಿಗೆಯ ಏಟಿಗೆ ಚಪ್ಪಟೆಯಾಗುತ್ತದೆ, ಆಕ್ಸೈಡ್ ಪುಡಿಯಾಗುತ್ತದೆ.

## ಕೈಗೆ ಕೊಟ್ಟ ಒಂದು ಲೆಕ್ಕ

ನಿಕಲ್ ಫೆರೈಟ್ ಕೂಡ ಸ್ಪಿನೆಲ್ (ಒಂದು ನಿಕಲ್, ಎರಡು ಕಬ್ಬಿಣ, ನಾಲ್ಕು ಆಮ್ಲಜನಕ): ನಿಕಲ್ ಬಿ ಜಾಗದಲ್ಲಿ, ಕಬ್ಬಿಣ ಎರಡೂ ಕಡೆ. ಉಳಿಕೆ 2, ಅಳತೆಯಲ್ಲಿ ಸುಮಾರು 2.3. ಈಗ ಸ್ವಲ್ಪ ನಿಕಲ್ ತೆಗೆದು ಸತು ಹಾಕಿ. ಸತು 2+ ಡಿ10, ಅದಕ್ಕೆ ಮೊಮೆಂಟ್ ಇಲ್ಲ. ಕಾಂತತ್ವ ಕಡಿಮೆಯಾಗಬೇಕು ಎನಿಸುತ್ತದೆ, ಆದರೆ ಹೆಚ್ಚುತ್ತದೆ. ಸತು ಎ ಜಾಗಕ್ಕೆ ಹೋಗಿ ಅಲ್ಲಿನ ಕಬ್ಬಿಣವನ್ನು ಬಿ ಜಾಗಕ್ಕೆ ತಳ್ಳುತ್ತದೆ, ಎದುರು ಪಕ್ಷ ಸೊರಗುತ್ತದೆ. ಸತುವಿನ ಪಾಲು 0.2 ಆದರೆ ಬಿ ಜಾಗದಲ್ಲಿ 0.8 × 2 + 1.2 × 5 = 7.6, ಎ ಜಾಗದಲ್ಲಿ 0.8 × 5 = 4, ಉಳಿಕೆ 3.6.

ಇದೇ ದಾರಿಯಲ್ಲಿ ಪೂರ್ತಿ ಸತು ಹಾಕಿದರೆ ಕಾಗದದ ಮೇಲೆ 10 ಬರುತ್ತದೆ. ನಿಜದ ಸತು ಫೆರೈಟ್ ಕೋಣೆಯ ಉಷ್ಣತೆಯಲ್ಲಿ ಪ್ಯಾರಾಕಾಂತ, ಸುಮಾರು 10 ಕೆಲ್ವಿನ್‌ನಲ್ಲಷ್ಟೇ ಆಂಟಿಫೆರೊ ಕ್ರಮಕ್ಕೆ ಬರುತ್ತದೆ. ಎ ಜಾಗದಲ್ಲಿ ಕಾಂತೀಯ ಅಯಾನೇ ಉಳಿಯದಿದ್ದಾಗ ಎ–ಬಿ ಸೇತುವೆಯೂ ಇಲ್ಲ, ಬಿ ಜಾಗದವರನ್ನು ಒಂದೇ ಮುಖ ಹಿಡಿದು ನಿಲ್ಲಿಸುವವರೂ ಇಲ್ಲ. ಅದಕ್ಕೇ ಸತುವಿನ ಪಾಲು ಅರ್ಧದ ಆಸುಪಾಸು ಬರುವಷ್ಟರಲ್ಲಿ ಅಳತೆಯ ರೇಖೆ ಬಾಗಿ ಇಳಿಯತೊಡಗುತ್ತದೆ. ಏಳನೇ ಹಂತದ ಕೂಡು–ಕಳೆ ಉತ್ತರ ಬರೆಯುವ ಮುನ್ನ ಎರಡೂ ಜಾಗದಲ್ಲಿ ಕಾಂತೀಯ ಅಯಾನು ಸಾಕಷ್ಟು ಉಳಿದಿದೆಯೇ ಎಂದು ಆರನೇ ಹಂತಕ್ಕೆ ವಾಪಸ್ ಹೋಗಿ ನೋಡಿ.